ಎಂಟನೇ ನಂಬರಿನ ಮೂರು ಚಾಕು

ಹೋದ ವರ್ಷ ಜುಲೈ ಎರಡನೇ ವಾರ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಮಳೆ ಹಿಡಿದು ಒಂಬತ್ತು ದಿನ ಆಗಿತ್ತು. ಬಚ್ಚಲಮನೆಯ ಬಾಗಿಲು ಉಬ್ಬಿ ದಾರಂದಕ್ಕೆ ಕಚ್ಚಿಕೊಂಡಿತ್ತು. ಉಪ್ಪಿನ ಭರಣಿಯಲ್ಲಿ ನೀರೊಡೆದಿತ್ತು. ಅಂಥ ಒಂದು ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಮೂರು ಮಡಚುವ ಚಾಕುಗಳನ್ನು ಸಾಲಾಗಿಟ್ಟು ಒಂದೊಂದನ್ನೇ ಬಿಡಿಸಲು ನೋಡಿದೆ. ಮೊದಲನೆಯದು ನನಗಿಂತ ಹಳೆಯದು. ಉಗುರು ತಾಗಿಸಿದ ಕೂಡಲೇ ತೆರೆದುಕೊಂಡಿತು. ಎರಡನೆಯದು ಜಪ್ಪಯ್ಯ ಎಂದರೂ ಬರಲಿಲ್ಲ. ಮೂರನೆಯದು ಅರ್ಧಕ್ಕೆ ಬಂದು ನಿಂತಿತು.

ಮೂರೂ ಒಪಿನೆಲ್, ಫ್ರಾನ್ಸಿನ ಚಾಕು. ಮೂರೂ ಎಂಟನೇ ನಂಬರಿನ ಅಳತೆಯವು. 8.5 ಸೆಂಟಿಮೀಟರ್ ಅಲಗು, ಮಡಚಿದರೆ ಸುಮಾರು 11 ಸೆಂಟಿಮೀಟರ್ ಉದ್ದ, ತುದಿಯಲ್ಲಿ ಮೀನಿನ ಬಾಲದ ಹಾಗೆ ಅಗಲವಾಗುವ ಬೀಚ್ ಮರದ ಹಿಡಿ, ಕುತ್ತಿಗೆಯಲ್ಲಿ ಒಂದು ಉಕ್ಕಿನ ಉಂಗುರ. ದೂರದಿಂದ ನೋಡಿದವರಿಗೆ ಒಂದೇ ಚಾಕುವಿನ ಮೂರು ಪ್ರತಿ. ವರ್ಷಗಟ್ಟಲೆ ಬಳಸಿದ ಕೈಗೆ ಮಾತ್ರ ಮೂರೂ ಬೇರೆ ಬೇರೆ.

ಚಾಕುವಿನ ಆಸಕ್ತಿ ಇರುವವರು ಯಾರೇ ಸಿಕ್ಕರೂ ಕೇಳುವ ಪ್ರಶ್ನೆ ಒಂದೇ: ಕಾರ್ಬನ್ ಉಕ್ಕಿನದ್ದು ತಗೊಳ್ಳಲೋ, ಸ್ಟೇನ್‌ಲೆಸ್ ತಗೊಳ್ಳಲೋ? ಹತ್ತು ವರ್ಷ ನಾನೂ ಈ ಪ್ರಶ್ನೆಯನ್ನೇ ಹಿಡಿದುಕೊಂಡು ಕೂತಿದ್ದೆ. ಆ ಸಂಜೆ ಕಟ್ಟೆಯ ಮುಂದೆ ನಿಂತಾಗ, ಮುಂಬಯಿಯ ಆಸುಪಾಸಿನಲ್ಲಿ ಬದುಕುವವರು ಮೊದಲು ಕೇಳಬೇಕಾದದ್ದು ಉಕ್ಕಿನ ವಿಷಯವಲ್ಲ ಅಂತ ಖಾತ್ರಿಯಾಯಿತು.

ಹಳೆಯ ಚಾಕು ಮಾವನದು, ನನ್ನ ಅಮ್ಮನ ಅಣ್ಣ. ಗಂಗೊಳ್ಳಿಯಿಂದ ಹದಿನೇಳನೇ ವಯಸ್ಸಿಗೆ ಮುಂಬಯಿಗೆ ಬಂದು, ಮೊದಲು ಮಾಟುಂಗದ ಒಂದು ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಂತು, ಆಮೇಲೆ ಸರಕು ಹಡಗಿನಲ್ಲಿ ಭಂಡಾರಿಯಾಗಿ ಸೇರಿಕೊಂಡವರು. ಹಡಗಿನ ಅಡುಗೆಯವರಿಗೆ ಹಾಗೆಯೇ ಹೇಳುವುದು. ಎರಡು ಪ್ರಯಾಣಗಳ ನಡುವೆ ಮಸ್ಜಿದ್ ಬಂದರಿನ ಒಂದು ಖೋಲಿಯಲ್ಲಿ ಊರಿನ ಏಳು ಜನರ ಜೊತೆ ಇರುತ್ತಿದ್ದರು. 1979ರಲ್ಲಿ ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ, ಸಿಗರೇಟು ಮಾರುವ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಈ ಚಾಕು ಕಂಡಿತಂತೆ. ಅಲ್ಲಿನ ಹಮಾಲರ ಕಿಸೆಯಲ್ಲೆಲ್ಲ ಇದೇ ಇತ್ತು, ಹಾಗಾಗಿ ತಗೊಂಡೆ ಎನ್ನುತ್ತಾರೆ. ಒಂದು ವಸ್ತುವನ್ನು ಆರಿಸಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ. ದುಡಿಯುವವನ ಕಿಸೆಯಲ್ಲಿ ಇರುವುದು ಅಗ್ಗವೂ ಆಗಿರಬೇಕು, ಕೆಲಸಕ್ಕೂ ಬರಬೇಕು.

ಈ ಚಾಕು ಹುಟ್ಟಿದ್ದೇ ಅಂಥವರಿಗಾಗಿ. ಆಲ್ಪ್ಸ್ ಬೆಟ್ಟಗಳ ಸವೋಯ್ ಸೀಮೆಯಲ್ಲಿ, ಸೇಂ-ಝಾಂ-ದ-ಮೋರಿಯೆನ್ ಊರಿನ ಹತ್ತಿರದ ಹಳ್ಳಿಯೊಂದರಲ್ಲಿ, ಕೊಡಲಿ-ಕುಡುಗೋಲು ಮಾಡುವ ಕಮ್ಮಾರರ ಮನೆಯ ಹುಡುಗ ಜೋಸೆಫ್ ಒಪಿನೆಲ್ 1890ರಲ್ಲಿ ಇದನ್ನು ಮಾಡಿದ. ಆಗ ಅವನಿಗೆ 18 ವರ್ಷ. 1897ರ ಹೊತ್ತಿಗೆ 1ರಿಂದ 12ರವರೆಗೆ ನಂಬರು ಕೊಟ್ಟು ಹನ್ನೆರಡು ಅಳತೆಗಳಲ್ಲಿ ತಯಾರಿಸತೊಡಗಿದ. 1930ರ ದಶಕದಲ್ಲಿ ಒಂದು ಮತ್ತು ಹನ್ನೊಂದನೇ ನಂಬರು ನಿಂತವು. ಒಂದನೆಯದು ತೀರಾ ಪುಟ್ಟದು, ಹನ್ನೊಂದನೆಯದು ಹತ್ತು-ಹನ್ನೆರಡರ ನಡುವೆ ಸಿಕ್ಕಿಕೊಂಡದ್ದು. ಉಳಿದ ನಂಬರುಗಳು ಇವತ್ತಿಗೂ ಇವೆ. ಅಲಗಿನ ಮೇಲೆ ಕಿರೀಟ ತೊಟ್ಟ ಒಂದು ಕೈ ಇರುತ್ತದೆ. ಪ್ರತಿ ಚಾಕುಗಾರನೂ ತನ್ನ ಕೆಲಸಕ್ಕೆ ಒಂದು ಗುರುತು ಹಾಕಬೇಕೆಂದು ಫ್ರಾನ್ಸಿನ ದೊರೆ ಒಂಬತ್ತನೇ ಶಾರ್ಲ್ 1565ರಲ್ಲಿ ಅಪ್ಪಣೆ ಮಾಡಿದ್ದ. ಆ ಪದ್ಧತಿಯಂತೆ ಜೋಸೆಫ್ 1909ರಲ್ಲಿ ಈ ಮುದ್ರೆ ಆರಿಸಿಕೊಂಡ. ಆಶೀರ್ವದಿಸುವ ಕೈ ಅವನ ಸೀಮೆಯ ಊರಿನ ಲಾಂಛನದ್ದು, ಕಿರೀಟ ಸವೋಯ್ ಸಂಸ್ಥಾನದ್ದು. ಮಾವನ ಚಾಕುವಿನಲ್ಲಿ ಆ ಕೈ ಸವೆದು, ಈಗ ಎರಡು ಬೆರಳು ಮತ್ತು ಕಿರೀಟದ ಒಂದು ಅಂಚು ಉಳಿದಿವೆ.

ಚಾಕುವಿನ ಭಾಗಗಳು ಐದೇ. ಅಲಗು, ಹಿಡಿ, ಎರಡನ್ನೂ ಸೇರಿಸುವ ಮೊಳೆ, ಮರ ಸೀಳದಂತೆ ಕುತ್ತಿಗೆಯನ್ನು ಸುತ್ತಿದ ಒಂದು ಪಟ್ಟಿ, ಆ ಪಟ್ಟಿಯ ಮೇಲೆ ತಿರುಗುವ ಉಂಗುರ. ಸ್ಪ್ರಿಂಗ್ ಇಲ್ಲ. ಮೊದಲ ಅರವತ್ತೈದು ವರ್ಷ ತಿರುಗುವ ಉಂಗುರವೂ ಇರಲಿಲ್ಲ. ಕೆಲಸದ ನಡುವೆ ಅಲಗು ಬೆರಳಿನ ಮೇಲೆ ಮಡಚಿಕೊಳ್ಳದಂತೆ ಹಿಡಿದವರೇ ಎಚ್ಚರ ವಹಿಸಬೇಕಿತ್ತು. 1955ರಲ್ಲಿ ಜೋಸೆಫ್‌ನ ಮಗ ಮಾರ್ಸೆಲ್ ಒಪಿನೆಲ್ ಆ ಉಂಗುರ ಸೇರಿಸಿದ. ಅದಕ್ಕೆ ವಿರೋಬ್ಲಾಕ್ ಎಂದು ಹೆಸರು. ಅಲಗು ಬಿಡಿಸಿ ಉಂಗುರವನ್ನು ಒಂದಿಷ್ಟು ತಿರುಗಿಸಿದರೆ ಅಲಗು ಹಿಂದಕ್ಕೆ ಬರುವ ದಾರಿ ಮುಚ್ಚುತ್ತದೆ. 2000ರಲ್ಲಿ ಇನ್ನೊಂದು ತಿದ್ದುಪಡಿ ಆಯಿತು: ಮಡಚಿದಾಗಲೂ ಉಂಗುರ ತಿರುಗಿಸಿ ಅಲಗು ಹೊರಗೆ ಬಾರದಂತೆ ಮಾಡಬಹುದು.

ನೂರಾಮೂವತ್ತು ವರ್ಷ ದಾಟಿದ ವಸ್ತುವಿಗೆ ಕಣ್ಣಿಗೆ ಕಾಣುವಂಥ ದೊಡ್ಡ ಬದಲಾವಣೆ ಈ ಎರಡೇ. ಇದರ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಅಗ್ಗದ ವಸ್ತು ಎಂದು ಕೈಬಿಡಲಿಲ್ಲ, ಹೊಸತನ ತೋರಿಸಬೇಕು ಎಂದು ಆಕಾರ ಕೆಡಿಸಲಿಲ್ಲ. ಎಲ್ಲಿ ಕೈಗೆ ಅಪಾಯವಿತ್ತೋ ಅಲ್ಲಿ ಮಾತ್ರ ಕೈ ಹಾಕಿದರು. ಆರಕ್ಕಿಂತ ಕೆಳಗಿನ ನಂಬರುಗಳಿಗೆ ಈಗಲೂ ತಿರುಗುವ ಉಂಗುರ ಇಲ್ಲ. ಹಾಗಾಗಿ 1955ಕ್ಕಿಂತ ಮುಂಚಿನ ಒಪಿನೆಲ್ ಹೇಗಿತ್ತು ಎಂದು ತಿಳಿಯಬೇಕಾದವರು ಹಳೆಯ ಸಾಮಾನಿನ ಅಂಗಡಿ ಸುತ್ತಬೇಕಿಲ್ಲ, ನಾಲ್ಕನೇ ನಂಬರು ಕೈಗೆತ್ತಿಕೊಂಡರೆ ಸಾಕು.

ಮಾವನ ಚಾಕು ಈ ಎರಡು ತಿದ್ದುಪಡಿಗಳ ನಡುವಿನದು. ಬಿಡಿಸಿದಾಗ ಉಂಗುರ ತಿರುಗುತ್ತದೆ, ಮಡಚಿದಾಗ ತಿರುಗುವುದಿಲ್ಲ. ಊರಿಗೆ ಹೋಗುವಾಗ ಬ್ಯಾಗಿಗೆ ಹಾಕುವ ಮುನ್ನ ಹಿಡಿಗೂ ಅಲಗಿಗೂ ಸೇರಿಸಿ ಬಲೆ ನೇಯುವ ನೂಲಿನಿಂದ ಮೂರು ಸುತ್ತು ಕಟ್ಟುತ್ತಿದ್ದರು. ಈಗ ಕಟ್ಟುವ ಅಗತ್ಯ ಇಲ್ಲ, ಚಾಕು ನನ್ನ ಡ್ರಾಯರಿನಲ್ಲಿದೆ. ನೂಲು ಉಜ್ಜಿದ ಜಾಗದಲ್ಲಿ ಮರ ಒಂದು ಕೂದಲಿನಷ್ಟು ತಗ್ಗಾಗಿದೆ. 2000ದ ನಂತರ ಚಾಕು ಕೊಂಡವರ ಹಿಡಿಯ ಮೇಲೆ ಆ ಗೆರೆ ಬೀಳಲಾರದು.

ಇನ್ನು ಅಲಗು. ನನ್ನ ಎರಡನೆಯ ಚಾಕುವಿನ ಅಲಗಿನ ಮೇಲೆ ಕಾರ್ಬೋನ್ ಎಂದು, ಮೂರನೆಯದರ ಮೇಲೆ ಇನಾಕ್ಸ್ ಎಂದು ಒತ್ತಿದ್ದಾರೆ. ಕಾರ್ಬನ್ ಉಕ್ಕು ಎಂದರೆ ಕಬ್ಬಿಣದ ಜೊತೆ ಸುಮಾರು ಶೇಕಡಾ 0.9ರಷ್ಟು ಇಂಗಾಲ. ಕಾಯಿಸಿ, ಅದ್ದಿ, ಹದ ಮಾಡಿದರೆ ಒಳ್ಳೆಯ ಮೊನೆ ಹಿಡಿಯುತ್ತದೆ, ಮನೆಯ ಸಾಧಾರಣ ಸಾಣೆಕಲ್ಲಿಗೂ ಬಗ್ಗುತ್ತದೆ. ತುಕ್ಕನ್ನು ತಡೆಯುವ ಶಕ್ತಿ ಮಾತ್ರ ಇಲ್ಲ. ಇನಾಕ್ಸ್ ಎಂದರೆ ಸ್ಟೇನ್‌ಲೆಸ್. ಸ್ವೀಡನ್ನಿನ 12ಸಿ27 ಎಂಬ ಉಕ್ಕಿನ ಬಳಗದ್ದು. ಇಂಗಾಲ ಕಡಿಮೆ, ಕ್ರೋಮಿಯಂ ಸುಮಾರು ಶೇಕಡಾ 14ರಷ್ಟು. ಈ ಕ್ರೋಮಿಯಂ ಗಾಳಿ ಸೋಕಿದ ಕೂಡಲೇ ಕಣ್ಣಿಗೆ ಕಾಣದ ಒಂದು ಪದರವಾಗಿ ಅಲಗನ್ನು ಮುಚ್ಚುತ್ತದೆ. ತುಕ್ಕು ಬರುವುದೇ ಇಲ್ಲ ಎಂದಲ್ಲ. ಉಪ್ಪುನೀರು ಆ ಪದರವನ್ನೂ ಚುಚ್ಚಬಲ್ಲದು, ಹಾಗಾಗಿ ಸಮುದ್ರದ ಗಾಳಿಯ ಊರಿನಲ್ಲಿ ಸ್ಟೇನ್‌ಲೆಸ್ ಅಲಗನ್ನೂ ಒರೆಸಿಯೇ ಇಡಬೇಕು.

ಕಳೆದ ವರ್ಷ ಮೇ ತಿಂಗಳಲ್ಲಿ ಉಪ್ಪಿನಕಾಯಿಗೆಂದು ದಾದರ್ ಮಾರ್ಕೆಟ್ಟಿನಿಂದ ರಾಜಾಪುರಿ ಮಾವಿನಕಾಯಿ ತಂದಿದ್ದೆ. ಅರ್ಧ ಕಾಯಿಗಳನ್ನು ಕಾರ್ಬನ್ ಚಾಕುವಿನಿಂದ, ಅರ್ಧವನ್ನು ಸ್ಟೇನ್‌ಲೆಸ್‌ನಿಂದ ಹೆಚ್ಚಿದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕಾರ್ಬನ್ ಅಲಗು ನೀಲಿಗಟ್ಟಿ, ಆಮೇಲೆ ಬೂದಿ, ಆಮೇಲೆ ಮಳೆಮೋಡದ ಕಪ್ಪಾಯಿತು. ಹೋಳುಗಳ ಅಂಚಿಗೂ ಕಪ್ಪು ಹತ್ತಿತು. ಬಾಯಿಗೆ ಹಾಕಿದರೆ ಕಬ್ಬಿಣದ ಒಗರು. ಕಾಯಿಯ ಹುಳಿ ಕಬ್ಬಿಣವನ್ನು ಕರಗಿಸುತ್ತದೆ, ಕಾಯಿಯಲ್ಲಿರುವ ಒಗರಿನ ಅಂಶ ಆ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ಹಿಂದೆ ಮಸಿ ಮಾಡುತ್ತಿದ್ದರಲ್ಲ, ಅದೇ ಕೆಲಸ ಇಲ್ಲಿ ಮಾವಿನಕಾಯಿಯಲ್ಲಿ ನಡೆಯುತ್ತದೆ. ಸ್ಟೇನ್‌ಲೆಸ್ ಅಲಗು ತೊಳೆದರೆ ಮೊದಲಿನಂತೆಯೇ ಹೊಳೆಯಿತು, ಹೋಳುಗಳೂ ಬೆಳ್ಳಗಿದ್ದವು. ಉಪ್ಪಿನಕಾಯಿಗೆ ಯಾವುದು ಎಂದು ಯಾರಾದರೂ ಕೇಳಿದರೆ ಎರಡನೇ ಮಾತಿಲ್ಲ, ಸ್ಟೇನ್‌ಲೆಸ್.

ಆದರೂ ಆ ಕಪ್ಪು ದೋಷವಲ್ಲ. ಊರಿನಲ್ಲಿ ಅಮ್ಮ ಮೆಟ್ಟುಕತ್ತಿಯ ಬಗ್ಗೆ ಹೇಳುತ್ತಿದ್ದ ಮಾತು: "ಕತ್ತಿ ಕಪ್ ಆರೆ ಅಡ್ಡಿಲ್ಲ, ಕೆಂಪ್ ಆಪುಕಾಗ." ಕಪ್ಪು ಪದರ ಅಲಗಿಗೆ ಅಂಟಿಕೊಂಡು ನಿಂತು ಕೆಂಪು ತುಕ್ಕಿನ ವೇಗ ತಗ್ಗಿಸುತ್ತದೆ. ಕೆಂಪು ತುಕ್ಕು ಪುಡಿಪುಡಿಯಾಗಿ ಉದುರುತ್ತ ಉಕ್ಕನ್ನು ಒಳಗೊಳಗೇ ತಿನ್ನುತ್ತದೆ. ಮಾವನ ಅಲಗಿನ ಬಣ್ಣ ನಲವತ್ತೈದು ವರ್ಷದ ಈರುಳ್ಳಿ, ನಿಂಬೆ, ಮಾವು, ಮೀನು ಎಲ್ಲ ಸೇರಿ ಆದದ್ದು. ಬೆಳಕಿಗೆ ಹಿಡಿದರೆ ಮೊನೆಯ ಹತ್ತಿರ ನವಿಲುಗರಿಯ ನೀಲಿ, ಬುಡದಲ್ಲಿ ಕಾವಲಿಯ ಕಪ್ಪು. ಆ ಬಣ್ಣವನ್ನು ಯಾವ ಕಾರ್ಖಾನೆಯೂ ಕೊಡಲಾರದು. ನಾನು ಕಾರ್ಬನ್ ಅನ್ನು ಪ್ರೀತಿಸುವುದು ಹರಿತಕ್ಕಾಗಿ ಅಷ್ಟೇ ಅಲ್ಲ, ಮಾಡಿದ ಕೆಲಸ ಅದರ ಮೈಮೇಲೆ ಉಳಿಯುತ್ತದೆ ಎನ್ನುವುದಕ್ಕೂ ಹೌದು.

ಹರಿತದ ಮಾತು ಬಂದಾಗ ಒಂದು ಎಚ್ಚರಿಕೆ. ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಗಲ್ಲಿಗೆ ಬರುವವರ ಕೈಗೆ ಇಂಥ ತೆಳು ಅಲಗು ಕೊಡಬೇಡಿ. ಅವರ ಕಸುಬಿಗೆ ನನ್ನ ನಮಸ್ಕಾರ ಇದೆ, ಮನೆಯ ದಪ್ಪ ಕತ್ತಿಗಳಿಗೆ ಅವರೇ ಬೇಕು. ಆದರೆ ಒಣ ಚಕ್ರಕ್ಕೆ ತೆಳುವಾದ ಮೊನೆ ತಾಗಿದರೆ ಕ್ಷಣದಲ್ಲಿ ಕಾದು ನೀಲಿಯಾಗುತ್ತದೆ. ನೀಲಿಯಾಯಿತೆಂದರೆ ಹದ ಹೋಯಿತು, ಅಲ್ಲಿ ಉಕ್ಕು ಮೆತ್ತಗಾಯಿತು. ಒಂದು ತರಕಾರಿ ಚಾಕುವನ್ನು ಹಾಗೆ ಕಳೆದುಕೊಂಡಿದ್ದೇನೆ. ಎಂಟನೇ ನಂಬರಿಗೆ ನೀರು ಹಾಕಿದ ಕಲ್ಲು, ಹತ್ತು ನಿಮಿಷದ ತಾಳ್ಮೆ ಸಾಕು. ಕಾರ್ಬನ್ ಸ್ವಲ್ಪ ಬೇಗ ಮೊನೆಗೆ ಬರುತ್ತದೆ, ಸ್ಟೇನ್‌ಲೆಸ್‌ಗೆ ಇನ್ನೊಂದಿಷ್ಟು ಉಜ್ಜಬೇಕು. ಅಡುಗೆಮನೆಯ ಕೆಲಸದಲ್ಲಿ ಇವೆರಡರ ಹರಿತದ ನಡುವೆ ಜನ ಹೇಳುವಷ್ಟು ಅಂತರ ನನಗೆ ಕಂಡಿಲ್ಲ.

ಉಕ್ಕಿನ ವ್ಯತ್ಯಾಸ ಇಷ್ಟೇ. ಆ ಜುಲೈ ಸಂಜೆ ಕಾರ್ಬನ್ನೂ ತೆರೆಯಲಿಲ್ಲ, ಸ್ಟೇನ್‌ಲೆಸ್ಸೂ ಪೂರ್ತಿ ತೆರೆಯಲಿಲ್ಲ, ಅದೇ ಕಾರ್ಬನ್ ಅಲಗಿನ ಹಳೆಯ ಚಾಕು ಸರಾಗವಾಗಿ ತೆರೆಯಿತು. ಕಾರಣ ಅಲಗಿನಲ್ಲಿ ಇರಲಿಲ್ಲ.

ಮರ ಗಾಳಿಯ ತೇವ ಕುಡಿಯುತ್ತದೆ, ಕುಡಿದಾಗ ಉಬ್ಬುತ್ತದೆ. ಉದ್ದಕ್ಕೆ ಹೆಚ್ಚೇನೂ ಬೆಳೆಯುವುದಿಲ್ಲ, ಅಡ್ಡಕ್ಕೆ ಬೆಳೆಯುತ್ತದೆ. ಹಿಡಿಯಲ್ಲಿ ಅಲಗು ಕೂರುವ ಸೀಳನ್ನು ಮರದ ಉದ್ದಕ್ಕೆ ಕೊಯ್ದಿರುತ್ತಾರೆ. ಹಾಗಾಗಿ ಮರ ಉಬ್ಬಿದರೆ ಸೀಳಿನ ಎರಡು ಗೋಡೆಗಳು ಅಲಗನ್ನು ಅಮುಕುತ್ತವೆ. ಅದರಲ್ಲೂ ಬೀಚ್ ಮರದ ಸ್ವಭಾವ ಹೆಚ್ಚು ಅಲ್ಲಾಡುವುದು. ಹಸಿಯಿಂದ ಒಣಗುವವರೆಗೆ ಅಡ್ಡಕ್ಕೆ ಅದು ಕುಗ್ಗುವ ಪ್ರಮಾಣ ತೇಗದ ಸುಮಾರು ಎರಡು ಪಟ್ಟು. ಆಲ್ಪ್ಸ್ ತಪ್ಪಲಿನ ಹವೆಗೆ ಅದು ಒಳ್ಳೆಯ ಮರ: ಗಟ್ಟಿ, ನಯವಾಗಿ ಕಡೆಯಬಹುದು, ಸುಲಭಕ್ಕೆ ಸಿಗುತ್ತದೆ, ಹಾಗಾಗಿಯೇ ಚಾಕು ಅಗ್ಗವಾಗಿದೆ. ಅದೇ ಮರವನ್ನು ಕೊಂಕಣದ ಜುಲೈಗೆ ತಂದು, ಬಟ್ಟೆ ಒಣಗದ ಮನೆಯಲ್ಲಿ ಇಟ್ಟವರು ನಾವು. ತಪ್ಪು ಮರದ್ದಲ್ಲ, ಮಾಡಿದವರದ್ದೂ ಅಲ್ಲ.

ಅವತ್ತೇ ರಾತ್ರಿ ಮಾವನಿಗೆ ಫೋನ್ ಮಾಡಿದೆ. ಈಗ ಗಂಗೊಳ್ಳಿಯಲ್ಲೇ ಇದ್ದಾರೆ, ಎಂಬತ್ತು ದಾಟಿದೆ, ಕಿವಿ ಚುರುಕಾಗಿದೆ.

"ಮಳಿಗಾಲ್ದಗೆ ಬಾಗ್ಲ್ ಬಿಗಿ ಆತಿಲ್ಯಾ? ಇದೂ ಮರವೇ ಅಲ್ದಾ ಮಗಾ?" ಅಂದರು.

"ಹೌದು ಮಾವಯ್ಯ, ಆದ್ರೆ ನಿಮ್ಮದು ಮಾತ್ರ ಹ್ಯಾಂಗೆ ಸಲೀಸು?"

"ಅದ್ಕೆ ನಾನ್ ಎಷ್ಟ್ ಎಣ್ಣೆ ಕುಡಿಸಿದ್ದೆ ಅಂದೇಳಿ ನಿಂಗೊತ್ತಿತ್ತಾ?"

ಹಡಗಿನ ಅಡುಗೆಮನೆಯಲ್ಲಿ ಕೈಗೆ ಯಾವ ಎಣ್ಣೆ ಸಿಕ್ಕಿತೋ ಅದನ್ನೇ ದಿನಾ ಸಂಜೆ ಹಿಡಿಗೆ ಒರೆಸುತ್ತಿದ್ದರಂತೆ. ಮೇಲಿನ ವಾರ್ನಿಷು ಯಾವತ್ತೋ ಹೋಗಿದೆ. ವರ್ಷಗಟ್ಟಲೆ ಎಣ್ಣೆ ಇಳಿದ ಮರಕ್ಕೆ ನೀರಿನ ದಾಹ ಕಡಿಮೆ. ಜೊತೆಗೆ ಅಷ್ಟು ಸಲ ತೆರೆದು ಮಡಚಿ ಸೀಳಿನ ಗೋಡೆಗಳೂ ಒಂದಿಷ್ಟು ಸವೆದು ದಾರಿ ಬಿಟ್ಟುಕೊಟ್ಟಿವೆ. ಹಡಗಿನಲ್ಲಿ ಮೊದಲ ವರ್ಷ ಅವರದ್ದೂ ಬಿಗಿಯಾಗಿತ್ತು, ಹಾಗಾದಾಗ ಹಿಡಿಯ ಹಿಂಭಾಗವನ್ನು ಮೇಜಿನ ಅಂಚಿಗೆ ಒಮ್ಮೆ ಬಡಿದರೆ ಅಲಗಿನ ಮೂತಿ ಹೊರಗೆ ಹಣಕುತ್ತದೆ, ಆಮೇಲೆ ಬೆರಳಿನಲ್ಲಿ ಹಿಡಿದು ಎಳೆಯಬಹುದು ಎಂದು ಮಾರ್ಸೇಯ ಹಮಾಲನೊಬ್ಬ ತೋರಿಸಿಕೊಟ್ಟಿದ್ದ. ಫ್ರಾನ್ಸಿನಲ್ಲಿ ಈ ಉಪಾಯಕ್ಕೆ ಸವೋಯ್‌ನವರ ಪೆಟ್ಟು ಎಂದೇ ಹೆಸರಿದೆ. ಫೋನ್ ಇಟ್ಟು ಕಡಪ ಕಲ್ಲಿನ ಕಟ್ಟೆಯ ಅಂಚಿಗೆ ಕಾರ್ಬನ್ ಚಾಕುವನ್ನು ಬಡಿದೆ. ಟಕ್ ಎಂದು ಎರಡು ಮಿಲಿಮೀಟರ್ ಹೊರಗೆ ಬಂತು.

ಒಂದೇ ಮರದ ಎರಡು ಹಿಡಿಗಳೂ ಒಂದೇ ರೀತಿ ವರ್ತಿಸುವುದಿಲ್ಲ. ನನ್ನ ಕಾರ್ಬನ್ ಚಾಕುವಿನ ಹಿಡಿಯಲ್ಲಿ ಮರದ ಎಳೆಗಳು ಸಾಗಿದ ದಿಕ್ಕು ಬೇರೆ, ಸ್ಟೇನ್‌ಲೆಸ್‌ನದರಲ್ಲಿ ಬೇರೆ. ಒಂದು ಪೂರ್ತಿ ಬಿಗಿದು ಇನ್ನೊಂದು ಅರ್ಧ ಬಿಡಲು ಇದೂ ಕಾರಣ ಎಂದು ನನ್ನ ಅಂದಾಜು. ಅಂಗಡಿಯಲ್ಲಿ ಎರಡು-ಮೂರನ್ನು ಎದುರಿಗಿಟ್ಟು ಆರಿಸುವ ಅವಕಾಶ ಸಿಕ್ಕರೆ ಅಲಗಿನ ಹೊಳಪು ನೋಡುತ್ತ ಕೂರುವ ಬದಲು ಹಿಡಿಯ ತುದಿಯನ್ನು ತಿರುಗಿಸಿ ಎಳೆಗಳು ಹೇಗಿವೆ ನೋಡಿ. ಆಮೇಲೆ ಉಂಗುರ ತಿರುಗಿಸಿ ನೋಡಿ. ತೀರಾ ಸಡಿಲವೂ ಬೇಡ, ಉಗುರು ಮುರಿಯುವಷ್ಟು ಬಿಗಿಯೂ ಬೇಡ.

ಮರದ ಗೊಡವೆಯೇ ಬೇಡ ಎನ್ನುವವರಿಗೆ ಅದೇ ಎಂಟನೇ ನಂಬರಿನಲ್ಲಿ ಪ್ಲಾಸ್ಟಿಕ್ ಹಿಡಿಯದ್ದು ಬರುತ್ತದೆ, ತುದಿಯಲ್ಲಿ ಸೀಟಿ ಇರುತ್ತದೆ, ಅಲಗಿನ ಒಂದು ಭಾಗ ಹಗ್ಗ ಕತ್ತರಿಸಲು ಗರಗಸದಂತಿರುತ್ತದೆ. ಮಳೆಯಲ್ಲಿ ರಾಜಮಾಚಿ, ಹರಿಶ್ಚಂದ್ರಗಡ ಹತ್ತುವ ಗೆಳೆಯನೊಬ್ಬ ಅದನ್ನೇ ಒಯ್ಯುತ್ತಾನೆ. ಅವನ ಕೆಲಸಕ್ಕೆ ಅದು ಸರಿ. ಆಲಿವ್, ವಾಲ್‌ನಟ್, ಓಕ್ ಹಿಡಿಯವೂ ಇವೆ. ನೋಡಲು ಚಂದ, ಬೆಲೆ ಏರುತ್ತದೆ, ಬೆಲೆ ಏರಿದ ಮೇಲೆ ಅದನ್ನು ಮೀನು ಕೊಯ್ಯಲು ತೆಗೆಯಲು ಕೈ ಹಿಂಜರಿಯುತ್ತದೆ. ಹಮಾಲನ ಕಿಸೆಯ ಚಾಕು ಬೀಚ್ ಮರದ್ದೇ ಆಗಿರಲಿ ಎನ್ನುವುದು ನನ್ನ ಮನಸ್ಸು.

ಮುಂಬಯಿಯಲ್ಲಿ ಮಡಚುವ ಚಾಕು ಎಂದ ಕೂಡಲೇ ಜನರ ಕಣ್ಣ ಮುಂದೆ ಬರುವುದು ರಾಂಪುರಿ. ಹಿಂದಿ ಸಿನಿಮಾ ಅದಕ್ಕೆ ಅಂಥ ಹೆಸರು ತಂದಿಟ್ಟಿದೆ. ಆಫೀಸಿನಲ್ಲಿ ಸೇಬು ಹೆಚ್ಚಲು ಇದನ್ನು ತೆಗೆದಾಗ ಎರಡು ಕುರ್ಚಿ ಹಿಂದಕ್ಕೆ ಸರಿದದ್ದು ನೆನಪಿದೆ. ಕಾನೂನಿನ ಪ್ರಕಾರ ಪರವಾನಗಿಯ ಮಾತು ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿಗೆ. ಎಂಟನೇ ನಂಬರು ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಆದರೂ ಮೆಟ್ರೋ ಭದ್ರತೆಯಲ್ಲಿ, ವಿಮಾನದ ಕೈಚೀಲದಲ್ಲಿ ಇದಕ್ಕೆ ಜಾಗವಿಲ್ಲ. ಈಗ ನನ್ನ ಮೂರೂ ಚಾಕು ಮನೆ ಬಿಟ್ಟು ಹೊರಗೆ ಹೋಗುವುದು ಊರಿಗೆ ಹೋಗುವ ರೈಲಿನಲ್ಲಿ ಮಾತ್ರ, ದೊಡ್ಡ ಪೆಟ್ಟಿಗೆಯ ತಳದಲ್ಲಿ, ಉಂಗುರ ತಿರುಗಿಸಿ.

ಈ ವರ್ಷ ಜನವರಿಯಲ್ಲಿ, ಗಾಳಿ ಒಣಗಿದ್ದ ಹೊತ್ತು ನೋಡಿ, ಕಾರ್ಬನ್ ಚಾಕುವಿನ ಹಿಡಿಯ ವಾರ್ನಿಷನ್ನು ಪಾಲಿಶ್ ಪೇಪರಿನಿಂದ ತೆಗೆದೆ. ತೆಂಗಿನೆಣ್ಣೆ ಹಚ್ಚಲಿಲ್ಲ. ಅದು ಮರದೊಳಗೆ ಎಣ್ಣೆಯಾಗಿಯೇ ಉಳಿಯುತ್ತದೆ, ಗಟ್ಟಿಯಾಗುವುದಿಲ್ಲ, ಬರಬರುತ್ತ ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಗಾಳಿಗೆ ಒಣಗಿ ಮರದ ರಂಧ್ರಗಳಲ್ಲಿ ಪದರವಾಗಿ ನಿಲ್ಲುತ್ತದೆ. ಲೋಹಾರ್ ಚಾಲಿನಿಂದ ಒಂದು ಸಣ್ಣ ಬಾಟಲಿ ತಂದು, ತೆಳುವಾಗಿ ಮೂರು ಸಲ, ಪ್ರತಿ ಸಲವೂ ಒಂದು ವಾರ ಒಣಗಿಸಿ ಹಚ್ಚಿದೆ. ಸೀಳಿನ ಒಳಗೋಡೆಗಳಿಗೂ ಹಳೆಯ ಬ್ರಶ್ಶಿನಿಂದ ಬಳಿದೆ. ಅಲ್ಲಿಗೆ ಎಣ್ಣೆ ಮುಟ್ಟದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಕಾಯುತ್ತದೆ, ಮುದ್ದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹಗ್ಗದ ಮೇಲೆ ಹರಡಿ ಒಣಗಿಸಿದೆ.

ಜೂನ್ ಪೂರ್ತಿ ಚಾಕು ಚೆನ್ನಾಗಿ ತೆರೆಯಿತು. ಜುಲೈ ಕೊನೆಗೆ ಮತ್ತೆ ಸ್ವಲ್ಪ ಬಿಗಿದಿದೆ. ಹೋದ ವರ್ಷದಷ್ಟಿಲ್ಲ, ಉಗುರಿಗೆ ಬಗ್ಗುತ್ತದೆ, ಒಂದಿಷ್ಟು ಗೊಣಗುತ್ತದೆ. ಪಾಲಿಶ್ ಪೇಪರನ್ನು ಸೀಳಿಗೆ ತೂರಿಸಿ ಎರಡು ಸಲ ಎಳೆದರೆ ಸಾಕು ಅನಿಸಿ ತುಂಡು ಮಾಡಿಯೂ ಇಟ್ಟಿದ್ದೆ. ನಿನ್ನೆ ಮಾವನಿಗೆ ಹೇಳಿದೆ.

"ಕೆರೆಬೇಡ ಮಗಾ," ಅಂದರು. "ಡಿಸೆಂಬರಲ್ಲ್ ಮರ ಒಣಗಿರೆ ಅಲಗ್ ಅಲ್ಲಾಡುಕೆ ಸುರು ಆತ್ತ್. ಕೆರೆದದ್ದನ್ನ ವಾಪಸ್ ಇಡುಕೆ ಬತ್ತಿಲ್ಲೆ."

ಪೇಪರಿನ ತುಂಡು ಬಾಟಲಿಯ ಪಕ್ಕದಲ್ಲೇ ಇದೆ. ಇವತ್ತು ಬೆಳಿಗ್ಗೆ ನುಗ್ಗೆಕಾಯಿ ಹೆಚ್ಚಬೇಕಿತ್ತು. ಕಾರ್ಬನ್ ಚಾಕುವನ್ನು ಕಟ್ಟೆಯ ಅಂಚಿಗೆ ಒಮ್ಮೆ ಬಡಿದೆ, ಅಲಗು ಹೊರಗೆ ಬಂತು.